ಟೈನಮ್, ಇಂಬರ್, ವಾರಮ್ ಪರ್ಸಿ: ಮೂರು ಹಾಳೂರುಗಳಲ್ಲಿ ನನ್ನ ಓಟು ಯಾವುದಕ್ಕೆ?

ಜನ ಬಿಟ್ಟುಹೋದ ಊರಿಗೆ ಕಂದಾಯದ ಕಡತಗಳಲ್ಲಿ ‘ಬೇಚರಾಕ್ ಗ್ರಾಮ’ ಎಂದು ಬರೆಯುತ್ತಾರೆ. ದೀಪವಿಲ್ಲದ ಊರು ಎಂದರ್ಥ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅಂಥ ಮೂರು ಊರು ಸುತ್ತಿದ್ದೇನೆ: ಡಾರ್ಸೆಟ್‌ನ ಟೈನಮ್, ಸಾಲ್ಸ್‌ಬರಿ ಬಯಲಿನ ಇಂಬರ್, ಯಾರ್ಕ್‌ಷೈರಿನ ವಾರಮ್ ಪರ್ಸಿ. ಯಾವುದಕ್ಕೆ ಹೋಗಲಿ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇದೆ. ನಿಮಗೆ ಗೋಡೆ ಬೇಕಾ, ಹುಲ್ಲು ಸಾಕಾ?

ಗೋಡೆ ಬೇಕಿದ್ದರೆ ಟೈನಮ್. ಸೈನ್ಯದ ತರಬೇತಿಗೆ ಜಾಗ ಬೇಕೆಂದು 1943ರ ಡಿಸೆಂಬರಿನಲ್ಲಿ ಇಲ್ಲಿಂದ 225 ಜನರನ್ನು ಎಬ್ಬಿಸಿದರು. ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ವಾಪಸ್ ಬರುತ್ತೇವೆ ಎಂದು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿ ಹೋದರು. 1948ರಲ್ಲಿ ಸರ್ಕಾರ ಜಮೀನನ್ನು ಕಡ್ಡಾಯವಾಗಿ ಕೊಂಡುಕೊಂಡಿತು. ವಾಪಸ್ ಬರುವ ಮಾತು ಅಲ್ಲಿಗೆ ಮುಗಿಯಿತು. ಈಗ ಅಲ್ಲಿರುವುದು ಸೂರು ಕಳಚಿದ ಕಲ್ಲಿನ ಮನೆಗಳು. ಚರ್ಚು ಮತ್ತು ಶಾಲೆ ಮಾತ್ರ ಗಟ್ಟಿಯಾಗಿವೆ. ಮಕ್ಕಳನ್ನು ಕರೆದುಕೊಂಡು ಹೋಗಲು ಇದೇ ಸರಿ, ಫಲಕಗಳೇ ಕತೆ ಹೇಳುತ್ತವೆ. ನನಗೆ ಆ ಅಚ್ಚುಕಟ್ಟು ಸ್ವಲ್ಪ ಜಾಸ್ತಿ ಆಯಿತು. ಶಾಲೆಯ ಕೋಣೆಯಲ್ಲಿ ಡೆಸ್ಕುಗಳನ್ನು ಎಷ್ಟು ನೀಟಾಗಿ ಜೋಡಿಸಿದ್ದಾರೆಂದರೆ, ಮ್ಯೂಸಿಯಮ್ಮಿಗೆ ಬಂದ ಹಾಗೇ ಇತ್ತು.

ಒಂದು ಮಾತು. ಇದು ಈಗಲೂ ಸೈನ್ಯದ ಜಾಗ, ಬಹುತೇಕ ವಾರಾಂತ್ಯಗಳಲ್ಲಷ್ಟೇ ತೆರೆದಿರುತ್ತದೆ. ಮೊದಲ ಸಲ ವಿಚಾರಿಸದೆ ವಾರದ ನಡುವೆ ಹೋಗಿ, ಮುಚ್ಚಿದ ಗೇಟು ನೋಡಿಕೊಂಡು ಬಂದೆ. ತಪ್ಪು ನನ್ನದೇ.

ಇಂಬರ್ ಕತೆಯೂ ಅದೇ ವರ್ಷದ್ದು. ಮನೆ ಖಾಲಿ ಮಾಡಲು ಊರವರಿಗೆ ಸಿಕ್ಕಿದ್ದು 47 ದಿನ. ವರ್ಷದಲ್ಲಿ ಕೆಲವೇ ದಿನ ಒಳಗೆ ಬಿಡುತ್ತಾರೆ. ಆಗಸ್ಟಿನಲ್ಲಿ ಒಂದು ದಿನ ವಾರ್ಮಿನ್‌ಸ್ಟರ್‌ನಿಂದ ಲಂಡನ್ನಿನ ಹಳೇ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳು ಓಡುತ್ತವೆ. ನಿಜ ಹೇಳಬೇಕೆಂದರೆ ಊರಿಗಿಂತ ಬಸ್ಸೇ ಚೆನ್ನಾಗಿತ್ತು. ಕಿಟಕಿ ಇಲ್ಲದ ಇಟ್ಟಿಗೆ ಮನೆಗಳನ್ನು ನೋಡಿ ಮರುಗುತ್ತಾ ನಿಂತಿದ್ದೆ. ಆಮೇಲೆ ಗೊತ್ತಾಯಿತು, ಅವುಗಳಲ್ಲಿ ಯಾರೂ ಸಂಸಾರ ಮಾಡಿದ್ದೇ ಇಲ್ಲ. ಸೈನಿಕರ ಅಭ್ಯಾಸಕ್ಕೆಂದು ಆಮೇಲೆ ಕಟ್ಟಿದ ಖಾಲಿ ಡಬ್ಬಗಳವು! ಸಿಡಿಯದ ಗುಂಡುಗಳ ಭಯ ಇರುವುದರಿಂದ ದಾರಿ ಬಿಟ್ಟು ಆಚೀಚೆ ಕಾಲಿಡುವಂತಿಲ್ಲ. ಹಳೆಯ ಚರ್ಚು ನೋಡಿ ಬಸ್ಸು ಹತ್ತಿದೆ.

ನನ್ನ ಓಟು ವಾರಮ್ ಪರ್ಸಿಗೆ. ಆದರೆ ಮೊದಲ ಸಲ ಅಲ್ಲಿ ನನಗೆ ಏನೂ ಕಾಣಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೋಗಿದ್ದೆ. ಹುಲ್ಲುಗಾವಲು, ದನ, ಸೂರಿಲ್ಲದ ಒಂದು ಚರ್ಚು, ಪಕ್ಕದಲ್ಲಿ ಕೊಳ. ಇಷ್ಟಕ್ಕಾ ಬಂದೆ ಅನ್ನಿಸಿತು. ಎರಡನೇ ಸಲ ಸಂಜೆ ಹೋದೆ. ಬಿಸಿಲು ಅಡ್ಡಡ್ಡ ಬಿದ್ದಾಗ ಹುಲ್ಲಿನ ಕೆಳಗಿನ ಏರುತಗ್ಗುಗಳಿಗೆಲ್ಲ ನೆರಳು ಮೂಡಿತು. ಸಾಲು ಮನೆಗಳ ಅಡಿಪಾಯ, ನಡುವಿನ ಓಣಿ, ಹಿತ್ತಿಲ ಗಡಿ, ಒಂದೊಂದೇ ಮೇಲೆದ್ದು ಬಂದವು. ಗೋಡೆಯ ದಿಬ್ಬ ಒಂದು ಕಡೆ ತುಂಡಾಗಿದ್ದರೆ ಅಲ್ಲೇ ಬಾಗಿಲು ಇದ್ದಿರಬೇಕು ಎಂದು ನಾನೇ ಊಹಿಸಿಕೊಂಡು ಒಳಗೆ ಹೋದೆ, ಯಾಕೋ ತಲೆಯನ್ನೂ ಬಗ್ಗಿಸಿದೆ.

ಇದು ಪ್ಲೇಗಿಗೆ ಬಲಿಯಾದ ಊರು ಅಂತ ಸುಮ್ನೆ ಹೇಳಿಬಿಡುತ್ತಾರೆ. ಆದರೆ ಪ್ಲೇಗಿನ ನಂತರವೂ ಒಂದೂವರೆ ಶತಮಾನ ಇಲ್ಲಿ ಜನರಿದ್ದರು. ಕೊನೆಯವರು 1500ರ ಸುಮಾರಿಗೆ ಹೋದರು. ಬೇಸಾಯಕ್ಕಿಂತ ಕುರಿಯ ಉಣ್ಣೆಯಲ್ಲಿ ಜಾಸ್ತಿ ದುಡ್ಡಿತ್ತು, ಒಡೆಯನಿಗೆ ಒಕ್ಕಲು ಬೇಡವಾಯಿತು. 1950ರಿಂದ 1990ರವರೆಗೆ ಬೇಸಿಗೆ ಬೇಸಿಗೆಗೂ ಇಲ್ಲಿ ಉತ್ಖನನ ನಡೆದದ್ದರಿಂದ ಇಷ್ಟೆಲ್ಲ ತಿಳಿದಿದೆ. ಚರ್ಚಿನ ಗೋಡೆ ನೋಡಲು ಮರೆಯಬೇಡಿ. ಕಮಾನುಗಳನ್ನು ಕಲ್ಲು ತುಂಬಿ ಮುಚ್ಚಿದ್ದಾರೆ. ಜನ ಹೆಚ್ಚಿದಾಗ ಅಗಲ ಮಾಡಿದ ಚರ್ಚನ್ನು, ಜನ ಕಡಿಮೆಯಾದಾಗ ಮತ್ತೆ ಕಿರಿದು ಮಾಡಿದ ಗುರುತು ಅದು. ಊರಿನ ಜನಗಣತಿ ಕಲ್ಲಲ್ಲೇ ಇದೆ ಅಲ್ವಾ! ಗೋಪುರದ ಅರ್ಧ 1959ರಲ್ಲಿ ಕುಸಿದು, ಉಳಿದರ್ಧ ಹಾಗೇ ನಿಂತಿದೆ.

ಟಿಕೆಟ್ ಇಲ್ಲ, ಗೇಟಿನ ವೇಳಾಪಟ್ಟಿ ಇಲ್ಲ. ಕಾರು ನಿಲ್ಲಿಸಿ ಒಂದು ಕಿಲೋಮೀಟರಿಗೂ ಜಾಸ್ತಿ ಇಳಿಯಬೇಕು. ಕೆಸರಿರುತ್ತದೆ, ಗಟ್ಟಿ ಬೂಟು ಹಾಕಿಕೊಳ್ಳಿ. ಸಂಜೆಗೆ ಹೋಗುವುದಾದರೆ ಟಾರ್ಚೂ ಇರಲಿ, ವಾಪಸ್ ಹತ್ತುವ ದಾರಿಯಲ್ಲಿ ಒಂದೂ ದೀಪ ಇಲ್ಲ.