ಕಾರಿನ ಬ್ರೇಕ್ ಡಿಸ್ಕ್ ಲೇತ್‌ಗೆ ಹಾಕಿಸೋದಾ, ಹೊಸದೇ ಹಾಕಿಸೋದಾ?

ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟ್ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತಾ? ಡಿಸ್ಕ್ ಬೆಂಡಾಗಿದೆ ಅಂತಾರೆ. ಎಷ್ಟೋ ಸಲ ಅದು ಬಾಗಿರುವುದಿಲ್ಲ, ಒಂದು ಜಾಗದಲ್ಲಿ ಮಾತ್ರ ಜಾಸ್ತಿ ಸವೆದಿರುತ್ತದೆ.

ಲೇತ್ ಯಂತ್ರದಲ್ಲಿ ಡಿಸ್ಕ್ ಕಡೆದು ಸಮ ಮಾಡಿಸುವುದು ಅಗ್ಗ. ಆದರೆ ಡಿಸ್ಕ್ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತಾರೆ. ಕಡೆದ ಮೇಲೂ ಅದಕ್ಕಿಂತ ಜಾಸ್ತಿ ಉಳಿಯಬೇಕು. ಉಳಿಯದಿದ್ದರೆ ಅಥವಾ ಬಿರುಕು ಕಂಡರೆ, ಎಡ-ಬಲ ಎರಡೂ ಚಕ್ರಕ್ಕೆ ಹೊಸದೇ. ಘಾಟ್ ಓಡಾಟ ಹೆಚ್ಚಿದ್ದರೂ ನಾನು ಹೊಸದನ್ನೇ ಹೇಳುತ್ತೇನೆ. ತೆಳು ಡಿಸ್ಕ್ ಬೇಗ ಕಾಯುತ್ತದೆ.

ಯಾವುದನ್ನೇ ಮಾಡಿಸಿ, ಹಬ್ (ಡಿಸ್ಕ್ ಕೂರುವ ಚಕ್ರದ ನಡುಭಾಗ) ಮೇಲಿನ ತುಕ್ಕು ಉಜ್ಜಿಸಿ. ನನ್ನ ಕಾರಿನಲ್ಲಿ ಉಗುರಿನಷ್ಟು ತುಕ್ಕು ಉಳಿದಿತ್ತು. ಹೊಸ ಡಿಸ್ಕ್ ಸೊಟ್ಟ ಕೂತು ಕೆಲವೇ ತಿಂಗಳಲ್ಲಿ ಮತ್ತೆ ನಡುಕ! ವ್ಹೀಲ್ ನಟ್‌ಗಳನ್ನೂ ಟಾರ್ಕ್ ಪಾನಾದಿಂದ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಎದುರುಬದುರಾಗಿ ಬಿಗಿಸಬೇಕು. ಘಾಟ್‌ನಲ್ಲಿ ಸುಮ್ನೆ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಗೇರ್ ಇಳಿಸಿ.