ಫೈಬರ್‌ಗ್ಲಾಸ್ ಬಾಡಿಯ ಹಳೆಯ ಸಿಜೆ-5 ಜೀಪ್: ದೀರ್ಘಕಾಲದ ಬಳಕೆಯ ನಂತರ ಒಂದು ವಿಮರ್ಶೆ

ಅಮೆರಿಕದ ಓಹಾಯೊ ರಾಜ್ಯದ ಟೊಲೆಡೊದಲ್ಲಿ ತಯಾರಾದ ಸಿಜೆ-5 ಜೀಪುಗಳಿಗೆ ಅದೇ ಸೀಮೆಯ ಚಳಿಗಾಲವೇ ದೊಡ್ಡ ಶತ್ರು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ನೆಲದ ತಗಡನ್ನೂ ಹಿಂಬದಿಯ ಮೂಲೆಗಳನ್ನೂ ತುಕ್ಕು ಹಿಡಿಸಿ ತಿಂದುಬಿಡುತ್ತದೆ. ಆದ್ದರಿಂದ ಇಲ್ಲಿ ಉಳಿದಿರುವ ಹಳೆಯ ಜೀಪುಗಳಲ್ಲಿ ಅನೇಕವು ಮೂಲ ಬಾಡಿ ಕಳೆದುಕೊಂಡು, ಅಚ್ಚಿನಲ್ಲಿ ಗಾಜಿನ ನಾರು ಮತ್ತು ರೆಸಿನ್ (ಗಟ್ಟಿಯಾಗುವ ಅಂಟು) ಪದರ ಪದರವಾಗಿ ಕಟ್ಟಿ ಮಾಡಿದ ಫೈಬರ್‌ಗ್ಲಾಸ್ ಬಾಡಿ ಹೊತ್ತು ಓಡುತ್ತಿವೆ. ನನ್ನ ಜೀಪೂ ಅಂಥದ್ದೇ. ಹಲವು ಚಳಿಗಾಲಗಳನ್ನು ಅದರೊಂದಿಗೆ ಕಳೆದಿರುವುದರಿಂದ, ಇಂಥ ಗಾಡಿ ಕೊಳ್ಳಲು ಹೊರಟವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕು ಗಾಡಿ ಯಾವ ವರ್ಷದ್ದೆಂದು ಗುರುತಿಸುವುದು. ಮಲೆನಾಡಿನ ಎಸ್ಟೇಟುಗಳ ಮಹೀಂದ್ರ ಜೀಪುಗಳನ್ನು ಎತ್ತರದ ಬಾನೆಟ್ಟಿನಿಂದಲೇ ಗುರುತು ಹಿಡಿದು ರೂಢಿಯಾದವರಿಗೆ ಫೈಬರ್ ಬಾಡಿ ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ಒತ್ತಿ ಮೂಡಿಸಿದ ಹೆಸರಿರುವುದಿಲ್ಲ, ಹಿಂದಿನ ಬಾಗಿಲು ಬಾಡಿಯೊಳಗೇ ಸೇರಿಹೋಗಿರಬಹುದು, ಅಚ್ಚು ಮಾಡಿದವನು ಯಾವ ವರ್ಷದ ಗಾಡಿಯ ರೂಪ ತೆಗೆದುಕೊಂಡನೋ ಅದೇ ರೂಪ ಎಲ್ಲ ಚಾಸಿಗಳ ಮೇಲೂ ಕೂತಿರುತ್ತದೆ. ಆದ್ದರಿಂದ ಗಾಡಿಯ ಕೆಳಗೆ ಟಾರ್ಚು ಹಿಡಿದು ಮಲಗುವುದೊಂದೇ ನಂಬಬಹುದಾದ ದಾರಿ.

ನನ್ನ ಗಾಡಿಯ ದಾಖಲೆಪತ್ರದಲ್ಲಿ 1977 ಎಂದಿತ್ತು. ಎರಡು ಮೂರು ಗಾಡಿಗಳ ಭಾಗಗಳನ್ನು ಸೇರಿಸಿ ಒಂದು ಮಾಡಿದ ಜೀಪುಗಳು ಮಾರುಕಟ್ಟೆಯಲ್ಲಿ ಸಾಕಷ್ಟಿರುವುದರಿಂದ ಆ ಕಾಗದವನ್ನು ಮಾತ್ರ ನೆಚ್ಚುವಂತಿರಲಿಲ್ಲ. ಮೊದಲು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದೆ. 1970ರಲ್ಲಿ ಕೈಸರ್ ಜೀಪ್ ಕಂಪನಿಯನ್ನು ಕೊಂಡ ಅಮೆರಿಕನ್ ಮೋಟಾರ್ಸ್ (ಎಎಂಸಿ), 1972ರ ಮಾದರಿಯಿಂದ ತನ್ನದೇ ಆದ, ಹೆಚ್ಚು ಉದ್ದನೆಯ ಎಂಜಿನ್‌ಗಳನ್ನು ಕೂರಿಸುವುದಕ್ಕಾಗಿ ಸಿಜೆ-5ರ ಈ ಅಂತರವನ್ನು 81 ಇಂಚಿನಿಂದ ಸುಮಾರು 84 ಇಂಚಿಗೆ ಹಿಗ್ಗಿಸಿತು. ನನ್ನದು ಉದ್ದನೆಯದು. ಹಿಂದಿನ ಆಕ್ಸಲ್ ಎಎಂಸಿ 20 ಮಾದರಿಯದಾಗಿತ್ತು. ಅದರ ದುಂಡನೆಯ ಮುಚ್ಚಳ ನೋಡಿದ ಕೂಡಲೇ ಗೊತ್ತಾಗುತ್ತದೆ, ಮತ್ತು ಅದು ಸಿಜೆಗಳಿಗೆ ಬಂದದ್ದು 1976ರಲ್ಲಿ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಡಾನಾ 20. 1980ರಿಂದ ಅದರ ಜಾಗಕ್ಕೆ ಡಾನಾ 300 ಬಂತು. ಹೀಗೆ 1976 ಮತ್ತು 1979ರ ನಡುವೆ ಎಂದು ಗಟ್ಟಿಯಾಯಿತು. ಎಂಜಿನ್ ಬ್ಲಾಕಿನ ಮೇಲೆ ಅಂಟಿದ್ದ ಎಣ್ಣೆಯ ಮಡ್ಡಿಯನ್ನು ಕೆರೆದು ತಂತಿಬ್ರಷ್ಷಿನಿಂದ ಉಜ್ಜಿದಾಗ ಎರಕದಲ್ಲೇ ಮೂಡಿದ 258 ಎಂಬ ಅಂಕಿ ಕಾಣಿಸಿತು. 258 ಘನ ಇಂಚು, ಅಂದರೆ 4.2 ಲೀಟರಿನ, ಸಾಲಿನ ಆರು ಸಿಲಿಂಡರಿನ ಎಂಜಿನ್ ಅದು.

ಹಳೆಯ ಬಾಡಿಯಿಂದ ಬಿಚ್ಚಿಟ್ಟಿದ್ದ ನಂಬರಿನ ತಗಡನ್ನು ಮಾರಿದವರು ಜೋಪಾನವಾಗಿ ಇಟ್ಟಿದ್ದರು. 1981ಕ್ಕಿಂತ ಹಿಂದಿನ ಆ ನಂಬರಿನಲ್ಲಿ 13 ಅಕ್ಷರ–ಅಂಕಿಗಳಿರುತ್ತವೆ. ಜೆ ಅಕ್ಷರದ ನಂತರದ ಅಂಕಿ ವರ್ಷದ್ದು, ನಾಲ್ಕು ಮತ್ತು ಐದನೆಯ ಸ್ಥಾನದಲ್ಲಿ 83 ಇದ್ದರೆ ಸಿಜೆ-5, 93 ಇದ್ದರೆ ಅದೇ ಸರಣಿಯ ಸಿಜೆ-7. ನನ್ನದರಲ್ಲಿ 7 ಮತ್ತು 83 ಇದ್ದವು; ಕಾಗದ, ತಗಡು, ಕಬ್ಬಿಣ ಮೂರೂ ಹೊಂದಿಕೊಂಡವು. ಈ ತಗಡು ಇಲ್ಲದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬಾಡಿಯ ವಿಷಯಕ್ಕೆ ಬರುತ್ತೇನೆ. ಇದನ್ನು ತಯಾರಿಸಿದ ಕಾರ್ಖಾನೆಯ ಕೆಲಸ ಒಂದೇ ಸಮನಾಗಿಲ್ಲ. ನೆಲ ದಪ್ಪಗಿದೆ, ಪಕ್ಕದ ಗೋಡೆಗಳು ಅಲ್ಲಲ್ಲಿ ತೆಳುವಾಗಿವೆ, ಚಾಸಿಗೆ ಬಿಗಿಯುವ ತೂತುಗಳಲ್ಲಿ ಕೆಲವು ಸರಿಯಾದ ಜಾಗಕ್ಕೆ ಬರಲೇ ಇಲ್ಲ. ಬೋಲ್ಟು ಹಾಕುವಲ್ಲೆಲ್ಲ ಒಳಗಿನಿಂದ ಅಗಲವಾದ ಉಕ್ಕಿನ ಪಟ್ಟಿ ಕೊಟ್ಟು, ರಬ್ಬರಿನ ಮೇಲೆ ಕೂರಿಸಿದ ಬಳಿಕ ಬಾಡಿ ಅಲುಗದೆ ನಿಂತಿತು. ಗಾಜಿನ ಚೌಕಟ್ಟಿನ ಕೀಲುಗಳ ಸುತ್ತ ಜೆಲ್‌ಕೋಟಿನಲ್ಲಿ, ಅಂದರೆ ಫೈಬರಿನ ನುಣುಪಾದ ಮೇಲ್ಪದರದಲ್ಲಿ, ಜೇಡರ ಬಲೆಯಂತಹ ಬಿರುಕುಗಳಿದ್ದವು. ಅವು ಮೇಲ್ಪದರದಲ್ಲೇ ಇವೆಯೋ ನಾರಿನವರೆಗೂ ಇಳಿದಿವೆಯೋ ತಿಳಿಯಲು ನಾಣ್ಯದಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿ ಇರುವಲ್ಲಿ ಟಣ್ಣೆನ್ನುತ್ತದೆ, ಪದರ ಬಿಟ್ಟಿರುವಲ್ಲಿ ಬೊದ್ದಾದ ಸದ್ದು ಬರುತ್ತದೆ. ಅಂಥ ಕಡೆ ಅಂಚನ್ನು ಇಳಿಜಾರಾಗಿ, ದಪ್ಪದ ಹತ್ತು ಹನ್ನೆರಡರಷ್ಟು ಅಗಲಕ್ಕೆ ಉಜ್ಜಿ, ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ನಿನ ಪದರಗಳನ್ನು ಕಟ್ಟಿದೆ. ಸಂದುಗಳನ್ನು ಬರೀ ಪುಟ್ಟಿ ತುಂಬಿ ಬಣ್ಣ ಬಳಿದರೆ ಅದೇ ಬಿರುಕು ಮತ್ತೆ ಬಾಯಿಬಿಡುತ್ತದೆ. ಉಜ್ಜುವಾಗ ಏಳುವ ಗಾಜಿನ ಧೂಳು ಮತ್ತು ರೆಸಿನ್ನಿನ ಆವಿ ಎರಡೂ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕೇ ಬೇಕು.

ಅತಿ ಹೆಚ್ಚು ಕೆಲಸ ಹಿಡಿದದ್ದು ವೈರಿಂಗ್. ಕಬ್ಬಿಣದ ಗಾಡಿಯಲ್ಲಿ ಬಾಡಿಯೇ ಅರ್ತ್. ದೀಪದಿಂದ ಕರೆಂಟು ಅದರ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಫೈಬರಿಗೆ ಆ ಗುಣವಿಲ್ಲ. ಕೊಂಡ ಹೊಸದರಲ್ಲಿ ಬ್ರೇಕ್ ಒತ್ತಿದರೆ ಪಕ್ಕದ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತಿತ್ತು, ಏಕೆಂದರೆ ಅರ್ತ್ ಸಿಗದ ಕರೆಂಟು ಇನ್ನೊಂದು ಬಲ್ಬಿನ ಮೂಲಕ ದಾರಿ ಹುಡುಕುತ್ತಿತ್ತು. ಪೆಟ್ರೋಲ್ ಮುಳ್ಳು ಮನಸ್ಸಿಗೆ ಬಂದಂತೆ ತಿರುಗುತ್ತಿತ್ತು. ಪ್ರತಿ ದೀಪ, ಹಾರ್ನ್, ಮೀಟರ್ ಹಾಗೂ ಪೆಟ್ರೋಲ್ ಮಟ್ಟ ತಿಳಿಸುವ ಟ್ಯಾಂಕಿನ ಸೆಂಡರಿಗೆ ಬೇರೆ ಬೇರೆ ಅರ್ತ್ ತಂತಿ ಎಳೆದು, ಎಲ್ಲವನ್ನೂ ಡ್ಯಾಶಿನ ಹಿಂದೆಯೂ ಟೈಲ್ ಲ್ಯಾಂಪಿನ ಬಳಿಯೂ ತಾಮ್ರದ ಪಟ್ಟಿಗೆ ಸೇರಿಸಿ, ಅಲ್ಲಿಂದ ದಪ್ಪ ಕೇಬಲ್ಲನ್ನು ಚಾಸಿಗೂ ಬ್ಯಾಟರಿಗೂ ಕೊಟ್ಟ ಮೇಲೆ ಈ ತೊಂದರೆ ಮರುಕಳಿಸಿಲ್ಲ.

ಸುರಕ್ಷತೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಗಾಡಿ ಮಗುಚಿದಾಗ ತಲೆ ಕಾಯುವ ಉಕ್ಕಿನ ರೋಲ್ ಬಾರನ್ನಾಗಲಿ ಸೀಟ್ ಬೆಲ್ಟನ್ನಾಗಲಿ ಫೈಬರ್ ನೆಲಕ್ಕೆ ಬಿಗಿಯುವುದು ಪ್ರಾಣಕ್ಕೆ ಎರವು. ಗಾಡಿ ಮಗುಚಿದರೆ ಬೋಲ್ಟು ನೆಲವನ್ನೇ ಕಿತ್ತುಕೊಂಡು ಬರುತ್ತದೆ. ನನ್ನದರಲ್ಲಿ ರೋಲ್ ಬಾರಿನ ಕಾಲುಗಳು ನೆಲದ ಮೂಲಕ ಇಳಿದು ಚಾಸಿಗೆ ಬೆಸೆದ ಬ್ರಾಕೆಟ್‌ಗಳ ಮೇಲೆ ನಿಂತಿವೆ, ಬೆಲ್ಟುಗಳೂ ಅದೇ ಉಕ್ಕಿಗೆ ಕಟ್ಟಿವೆ. ಸೈಲೆನ್ಸರ್ ಪೈಪು ಹತ್ತಿರ ಹಾಯುವಲ್ಲಿ ಶಾಖ ತಡೆಯುವ ತಗಡು ಹಾಕಿಸಿದ್ದೇನೆ. ಎಎಂಸಿ 20ರ ಎರಡು ತುಂಡಿನ ಆಕ್ಸಲ್ ಶಾಫ್ಟುಗಳು ದುರ್ಬಲವೆಂದು ಹೆಸರಾದವು. ಒಂದೇ ತುಂಡಿನವನ್ನು ಹಾಕಿಸಿಕೊಂಡೆ.

ಇಷ್ಟಾದ ಮೇಲೆ ಬಳಕೆಯಲ್ಲಿ ಈ ಬಾಡಿ ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಉಪ್ಪಿನ ರಸ್ತೆಯಲ್ಲಿ ಓಡಿಸಿ ಬಂದು ನೀರು ಹೊಡೆದು ನಿಲ್ಲಿಸಿದರೆ ಬಾಡಿಯ ಚಿಂತೆಯಿಲ್ಲ. ಆದರೆ ಚಾಸಿಗೆ ಆ ರಕ್ಷಣೆ ಇಲ್ಲ. ಮೇಲಿನ ಹೊಳಪು ನೋಡಿ ಅದನ್ನು ಮರೆತವರ ಗಾಡಿಗಳಲ್ಲಿ ಹಿಂದಿನ ಸ್ಪ್ರಿಂಗಿನ ಕೊಂಡಿಗಳ ಬಳಿ ಚಾಸಿ ಒಳಗಿನಿಂದಲೇ ಕೊಳೆತಿರುವುದನ್ನು ಕಂಡಿದ್ದೇನೆ. ಕೊಳ್ಳುವವರು ಅಲ್ಲಿ ಸುತ್ತಿಗೆಯಿಂದ ಬಡಿದು ನೋಡಲೇಬೇಕು. ಮೂಲ ಉಕ್ಕಿನ ಗಾಡಿಗೆ ಸಿಗುವ ಮರುಮಾರಾಟದ ಬೆಲೆ ಇದಕ್ಕೆ ಸಿಗುವುದಿಲ್ಲ. ಸಂಗ್ರಾಹಕರು ಇದನ್ನು ಒಪ್ಪುವುದಿಲ್ಲ. ಕಾಡುದಾರಿಯಲ್ಲಿ ಓಡಿಸಲೆಂದೇ ಜೀಪ್ ಬೇಕಾದವರು ಧೈರ್ಯವಾಗಿ ಕೊಳ್ಳಬಹುದು. ಎಡಗಡೆಯ ಕೀಲಿನ ಬಳಿ ಒಂದು ಸಣ್ಣ ಬಿರುಕು ಈಗ ಮತ್ತೆ ತಲೆಹಾಕಿದೆ. ಈ ಬಾರಿ ಹಿಂದಿನಿಂದ ಉಕ್ಕಿನ ಪಟ್ಟಿಯನ್ನು ಇನ್ನಷ್ಟು ಉದ್ದವಾಗಿ ಕೊಟ್ಟು, ರೆಸಿನ್ ಸರಿಯಾಗಿ ಗಟ್ಟಿಯಾಗುವ ಬೇಸಿಗೆಯಲ್ಲಿ ಆ ಕೆಲಸ ಮುಗಿಸುತ್ತೇನೆ.