ಕಡ್ಡಿ ಬೇರು ಬಿಡಿಸುವ ಪೆಟ್ಟಿಗೆ: ಮೂರು ಕಾಲ ಬಳಸಿದ ಮೇಲೆ

ಗಿಡದಿಂದ ಕತ್ತರಿಸಿದ ಕಡ್ಡಿ ನೆಟ್ಟು ಬೇರು ಬರಿಸಲು, ಆನ್‌ಲೈನ್‌ನಲ್ಲಿ ‘ಪ್ರೊಪಗೇಶನ್ ಡೋಮ್’ ಅಂತ ಹುಡುಕಿದರೆ ಸಿಗುವ ಸಾಮಾನು ಇದು. ಕೆಳಗೆ ಕಪ್ಪು ಟ್ರೇ, ಮೇಲೆ ಪಾರದರ್ಶಕ ಮುಚ್ಚಳ, ಮುಚ್ಚಳದ ನೆತ್ತಿಯಲ್ಲಿ ತಿರುಗಿಸುವ ಎರಡು ಗಾಳಿಕಿಂಡಿ. ಜೊತೆಗೆ ಒಂದು ಎಲ್‌ಇಡಿ ಪಟ್ಟಿ, ಒಳಗಿನ ಗಾಳಿಯ ತೇವ ಅಳೆಯುವ ಒಂದು ಪುಟ್ಟ ತೇವಮಾಪಕ. ಬೆಲೆ ಸಾವಿರ ರೂಪಾಯಿಯ ಆಸುಪಾಸು. ಬೆಂಗಳೂರಿನ ನಮ್ಮ ಪೂರ್ವದಿಕ್ಕಿನ ಬಾಲ್ಕನಿಯಲ್ಲಿ ಬೇಸಿಗೆ, ಮಳೆ, ಚಳಿ ಮೂರನ್ನೂ ಕಂಡಾಯಿತು. ಕೊಟ್ಟ ದುಡ್ಡೆಲ್ಲ ಆ ಎರಡು ಕಿಂಡಿಗೆ ಅಂತ ಲೆಕ್ಕ ಹಾಕಿಕೊಳ್ಳಿ.

ಕಡ್ಡಿಗೆ ಬೇರಿಲ್ಲ, ಎಲೆಯಿಂದ ಮಾತ್ರ ನೀರು ಆರುತ್ತಲೇ ಇರುತ್ತದೆ. ಫೆಬ್ರವರಿ, ಮಾರ್ಚ್‌ನ ಒಣಗಾಳಿಗೆ ದಾಸವಾಳದ ಕಡ್ಡಿ ಸಂಜೆಯೊಳಗೆ ತಲೆ ಬಾಗಿಸುತ್ತದೆ. ಮುಚ್ಚಳ ಹಾಕಿದರೆ ಬಾಡುವುದು ನಿಲ್ಲುತ್ತದೆ. ಆ ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ. ಆದರೆ ಜೊತೆಗೆ ಬಂದ ಚೀಟಿಯಲ್ಲಿ ‘ಬೇರು ಬರುವವರೆಗೂ ತೆರೆಯಬೇಡಿ’ ಅಂತ ಬರೆದಿದ್ದಾರೆ. ನಮ್ಮ ಊರಿನ ಮಳೆಗಾಲಕ್ಕೆ ಇದು ಆಗದ ಮಾತು. ಜುಲೈನಲ್ಲಿ ಹೊರಗೇ ಅಷ್ಟು ತೇವ ಇರುವಾಗ ಕಿಂಡಿ ಮುಚ್ಚಿಟ್ಟರೆ ಬೂಷ್ಟು ಗ್ಯಾರಂಟಿ. ಉದುರಿದ ಒಂದು ಹಳದಿ ಎಲೆ ಸಾಕು. ಅದರ ಮೇಲೆ ಬೂದು ನೂಲು ಹಬ್ಬುತ್ತದೆ, ಅಲ್ಲಿಂದ ಪಕ್ಕದ ಕಡ್ಡಿಗೆ.

ನಾನು ಮಾಡುವುದು ಇಷ್ಟು. ಬೇಸಿಗೆಯಲ್ಲಿ ಮೊದಲ ವಾರ ಕಿಂಡಿ ಮುಚ್ಚಿಯೇ ಇರುತ್ತದೆ. ಬೆಳಿಗ್ಗೆ ಒಮ್ಮೆ ಮುಚ್ಚಳ ಎತ್ತಿ, ಬಿದ್ದ ಎಲೆ ಹೆಕ್ಕಿ, ಸ್ವಲ್ಪ ಗಾಳಿ ಆಡಿಸಿ ಮತ್ತೆ ಮುಚ್ಚುತ್ತೇನೆ. ಆಮೇಲೆ ಕಾಲುಭಾಗ, ಅರ್ಧ, ಪೂರ್ತಿ ಅಂತ ಕಿಂಡಿ ತೆರೆಯುತ್ತಾ ಹೋಗುವುದು. ಮಳೆಗಾಲದಲ್ಲಿ ಮೊದಲ ದಿನದಿಂದಲೇ ಅರ್ಧ ತೆರೆದಿರುತ್ತದೆ. ಒಂದೇ ಸಲ ಮುಚ್ಚಳ ತೆಗೆದರೆ ಬೇರು ಬಂದ ಗಿಡವೂ ಬಾಡುತ್ತದೆ. ಒಳಗಿನ ತೇವದಲ್ಲೇ ಮೂಡಿದ ಎಲೆ ತುಂಬಾ ನಾಜೂಕು.

ಮುಚ್ಚಳದ ನೆತ್ತಿ ಚಪ್ಪಟೆ. ಇದು ವಿನ್ಯಾಸದ ದೋಷವೇ. ಆವಿ ಅಲ್ಲಿ ಹನಿಗಟ್ಟಿ ನೇರವಾಗಿ ಚಿಗುರಿನ ಮೇಲೆ ಬೀಳುತ್ತದೆ. ಟ್ರೇಯ ಒಂದು ತುದಿಯ ಕೆಳಗೆ ಬೆರಳು ದಪ್ಪದ ಮರದ ಪಟ್ಟಿ ಕೊಟ್ಟೆ. ಈಗ ಹನಿಗಳು ಇಳಿಜಾರಿನಲ್ಲಿ ಜಾರಿ ಅಂಚಿಗೆ ಹೋಗುತ್ತವೆ.

ತೇವಮಾಪಕವನ್ನು ನಂಬುವ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಟ್ಟಿ ಕೆಸರಾಗುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮರುದಿನ ನೋಡಿ. 75% ತೋರಿಸಬೇಕು. ನನ್ನದು 68 ತೋರಿಸಿತು, ಹಾಗಾಗಿ ಅದು ಹೇಳಿದ್ದಕ್ಕೆ 7 ಕೂಡಿಸಿ ಓದಿಕೊಳ್ಳುತ್ತೇನೆ. ಬೇರಿಲ್ಲದ ಕಡ್ಡಿಗೆ 80ರ ಮೇಲೆ ಇದ್ದರೆ ನೆಮ್ಮದಿ.

ಇನ್ನು ಎಲ್‌ಇಡಿ. ಅದರ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾಯಿತೋ ಕಾಂಡ ಕಪ್ಪಾಯಿತೋ ಒಂದೂ ಗೊತ್ತಾಗುವುದಿಲ್ಲ. ನಾನು ಬಿಚ್ಚಿಟ್ಟಿದ್ದೇನೆ. ಬಾಲ್ಕನಿಯ ನೆರಳಿನ ಬೆಳಕು ಧಾರಾಳವಾಯಿತು. ಬೆಳಕು ಚೆನ್ನಾಗಿರಬೇಕು ನಿಜ, ಬೇರು ಬರಲು ಎಲೆ ತಯಾರಿಸುವ ಆಹಾರ ಬೇಕಲ್ವಾ. ಆದರೆ ನೇರ ಬಿಸಿಲು ಬಿದ್ದರೆ ಈ ಪೆಟ್ಟಿಗೆ ಗಾಜು ಏರಿಸಿ ನಿಲ್ಲಿಸಿದ ಕಾರಿನ ಹಾಗೆ ಕಾಯುತ್ತದೆ.

ಗುಲಾಬಿ ಕಡ್ಡಿ ನೆಡುವವರಿಗೆ ಒಂದು ಮಾತು. ಚಿಗುರು ಕಂಡ ಕೂಡಲೇ ಕುಂಡಕ್ಕೆ ಹಾಕಬೇಡಿ. ಕಾಂಡದಲ್ಲಿ ಉಳಿದಿರುವ ಕಸುವಿನಿಂದಲೇ ಅದು ಚಿಗುರುತ್ತದೆ, ಬುಡದಲ್ಲಿ ಏನೂ ಇರುವುದಿಲ್ಲ. ಮೆಲ್ಲಗೆ ಎಳೆದಾಗ ಕಡ್ಡಿ ಹಿಡಿದುಕೊಂಡರೆ ಮಾತ್ರ ಬೇರು ಬಂದಿದೆ ಎಂದರ್ಥ. ದೊಡ್ಡಪತ್ರೆ, ಮನಿ ಪ್ಲಾಂಟ್‌ಗೆ ಈ ಪೆಟ್ಟಿಗೆಯೇ ಬೇಡ. ದಪ್ಪ ಎಲೆಯಲ್ಲೇ ನೀರು ಹಿಡಿದಿಡುವ ಸಕ್ಯುಲೆಂಟ್‌ಗಳನ್ನಂತೂ ಒಳಗಿಡಲೇಬೇಡಿ, ಕೊಳೆಯುತ್ತವೆ.

ಬಾಳಿಕೆ ಸಾಧಾರಣ. ಮುಚ್ಚಳ ಮಬ್ಬಾಗಿದೆ, ಮೂಲೆಯಲ್ಲಿ ಸೀಳು ಬಿಟ್ಟಿದೆ. ಒಂದು ಕಿಂಡಿಯ ಬಿಲ್ಲೆ ಸಡಿಲವಾಗಿ ತಾನೇ ತಿರುಗುತ್ತಿತ್ತು, ಟೇಪ್ ಹಾಕಿದೆ. ಮಾರಿದವರನ್ನು ಕೇಳಿದರೆ ಬಿಡಿಭಾಗ ಇಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂದರು. ಐದಕ್ಕೆ ಮೂರು ಸ್ಟಾರ್. ವರ್ಷಕ್ಕೆ ನಾಲ್ಕೈದು ಕಡ್ಡಿ ನೆಡುವವರು 5 ಲೀಟರ್ ನೀರಿನ ಕ್ಯಾನ್‌ನ ತಳ ಕತ್ತರಿಸಿ ಕುಂಡದ ಮೇಲೆ ಕವುಚಿಕೊಳ್ಳಿ. ಅದರ ಮುಚ್ಚಳ ತಿರುಗಿಸಿ ತೆಗೆದರೆ ಅದೇ ಗಾಳಿಕಿಂಡಿ.